ಅತ್ತೆಯವರ ಸ್ವಿಚ್ಚು, ಬೀದಿ ಬಾಗಿಲು

ಈಗ ನಾನಿರುವ ಫ್ಲ್ಯಾಟಿನ ಬಾಗಿಲಿಗೆ ಬೀಗದ ಕೈ ಇಲ್ಲ. ಹೆಬ್ಬೆರಳು ಒತ್ತಿದರೆ ಕುಂಯ್ ಅಂದು ತೆಗೆದುಕೊಳ್ಳುತ್ತದೆ. ಅದನ್ನು ಕೂರಿಸಲು ಬಂದವರು ‘ಲೇಟೆಸ್ಟ್ ಟೆಕ್ನಾಲಜಿ ಮೇಡಂ’ ಎಂದಾಗ ನಗು ತಡೆಯಲಾಗಲಿಲ್ಲ. ಕರೆಂಟಿನಲ್ಲಿ ತೆರೆಯುವ ಬೀಗವನ್ನು ತಿಪಟೂರಿನ ನಮ್ಮ ಮನೆ ಎಂಬತ್ತರ ಆಸುಪಾಸಿನಲ್ಲೇ ನೋಡಿಬಿಟ್ಟಿತ್ತು. ಅದನ್ನು ಅವರಿಗೆ ಹೇಳಿದರೆ ಮುದುಕಿಗೆ ಅರಳುಮರಳು ಅಂದುಕೊಂಡಾರು ಎಂದು ಸುಮ್ಮನಾದೆ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬಂದದ್ದು ಕೊಬ್ಬರಿ ವ್ಯಾಪಾರದ ಮನೆಗೆ. ಬೀದಿಗೆ ಜಗಲಿ, ದಾಟಿದರೆ ನಡುಮನೆ, ಅದರಾಚೆ ಒಳಕೋಣೆ. ತಲೆಯ ಮೇಲೆ ಉದ್ದಕ್ಕೂ ಅಟ್ಟ. ಅಟ್ಟದ ತುಂಬ ಸಿಪ್ಪೆ ಸುಲಿಯದ ಕಾಯಿ. ಹೆಚ್ಚುಕಮ್ಮಿ ವರ್ಷವಿಡೀ ಅವು ಅಲ್ಲಿ ಅಲುಗಾಡದೆ ಕೂತು, ಒಳಗಿನ ನೀರು ಆರಿ, ಕೊಬ್ಬರಿಯ ಗಿಟುಕು ಚಿಪ್ಪಿನಿಂದ ಬಿಡಿಸಿಕೊಂಡು ಲೊಡಲೊಡ ಎನ್ನುವವರೆಗೆ ಯಾರೂ ಮುಟ್ಟುವಂತಿಲ್ಲ. ಹೊಸದಾಗಿ ಬಂದಾಗ ನನಗೆ ಅದೊಂದು ಸೈಲೆಂಟ್ ಕಾಂಗ್ರಿಗೇಷನ್ ಥರ ಕಾಣುತ್ತಿತ್ತು. ಚಾಪೆಲಿನಲ್ಲಿ ಸಾಲಾಗಿ ಕೂತ ಹುಡುಗಿಯರ ತಲೆಗಳು! ಈ ಮಾತನ್ನು ಅತ್ತೆಯವರಿಗೆ ಹೇಳಿದ್ದೆ. ಅವರು ಬಹಳ ಹೊತ್ತು ಯೋಚಿಸಿ, ‘ಅವ್ರೂ ಇಷ್ಟ್ ಸುಮ್ನೆ ಕೂರ್ತಿದ್ರಾ?’ ಎಂದು ಕೇಳಿದ್ದರು.

ಊರಲ್ಲಿ ಆಗ ತಾನೆ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಶುರುವಾಗಿತ್ತು. ನಾನು ಎರಡನೇ ಕ್ಲಾಸಿಗೆ ಮಿಸ್. ಮನೆಯಲ್ಲಿ ಸೊಸೆ, ಬೀದಿಯಲ್ಲಿ ಕೊಬ್ಬರಿ ಮಂಡಿಯವರ ಹೆಂಡತಿ. ಶಾಲೆಯ ಹೆಂಚಿನ ಶೆಡ್ಡಿನಲ್ಲಿ ಮಾತ್ರ ಮಿಸ್. ಮಕ್ಕಳು ಎದ್ದು ನಿಂತು ರಾಗವಾಗಿ ಗುಡ್ ಮಾರ್ನಿಂಗ್ ಎಳೆಯುವುದನ್ನು ಕೇಳಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಒಂದು ಮಳೆಗಾಲದಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ದಿಂಬು ಒರಗಿ ಕೂರಬಹುದು, ಕಾಲು ಊರುವಂತಿಲ್ಲ ಎಂದಾಯಿತು. ಮಾವ ಹೋಗಿ ಎಷ್ಟೋ ವರ್ಷವಾಗಿತ್ತು. ಯಜಮಾನರು ಬೆಳಿಗ್ಗೆ ಮಂಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಕೆಲಸದವಳು ಮುಸುರೆ ತಿಕ್ಕಿ ಹೊರಟುಬಿಡುತ್ತಿದ್ದಳು. ಹಾಗಾದರೆ ಹಗಲು ಅತ್ತೆಯವರನ್ನು ನೋಡಿಕೊಳ್ಳುವವರು ಯಾರು? ತುರುವೇಕೆರೆಗೆ ಕೊಟ್ಟಿದ್ದ ಅತ್ತಿಗೆ, ಅಂದರೆ ಯಜಮಾನರ ಅಕ್ಕ, ಬಂದು ನೋಡಿ ತೀರ್ಪು ಕೊಟ್ಟೇಬಿಟ್ಟರು: ಶಾಲೆ ಬಿಡಬೇಕು. ಹೆಡ್‌ಮಿಸ್ಟ್ರೆಸ್ ಕೂಡ ನಮ್ಮ ಕಾನ್ವೆಂಟಿನ ಸಿಸ್ಟರುಗಳಷ್ಟೇ ಸ್ಟ್ರಿಕ್ಟ್. ದಸರಾ ರಜೆ ಮುಗಿಯುವಷ್ಟರಲ್ಲಿ ಬರುತ್ತೀರೋ ಇಲ್ಲವೋ ಹೇಳಿ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದರು.

ಎದುರು ಮನೆಯ ಅಕ್ಕ ತಾವಾಗಿಯೇ ಬಂದು, ಮಧ್ಯಾಹ್ನ ಬಂದು ಊಟ ಹಾಕಿ ಬೆಡ್‌ಪ್ಯಾನ್ ಕೊಟ್ಟು ಹೋಗುತ್ತೇನೆ, ನೀನು ಹೋಗು ಎಂದರು. ಉಳಿದದ್ದು ಬಾಗಿಲಿನ ಪ್ರಶ್ನೆ. ತೆಗೆದಿಟ್ಟು ಹೋಗುವಂತಿರಲಿಲ್ಲ. ನಡುಮನೆಯಲ್ಲಿ ಕೊಬ್ಬರಿ ಚೀಲ ಇರುತ್ತಿದ್ದವು. ಮಲಗಿದವರಿಗೆ ಒಳಕೋಣೆಯಿಂದ ಏನೂ ಕಾಣದು. ಹಾಕಿಕೊಂಡು ಹೋದರೆ ತೆಗೆಯುವವರಿಲ್ಲ. ಅಕ್ಕನಿಗೆ ಒಂದು ಬೀಗದ ಕೈ ಕೊಡೋಣ ಎಂದರೆ ಅತ್ತೆಯವರು ಸುತರಾಂ ಒಪ್ಪಲಿಲ್ಲ. ಬೀದಿಯವರ ಕೈಗೆ ಬೀಗದ ಕೈ ಹೋದ ಮೇಲೆ ಅದು ಮನೆಯಲ್ಲ, ಛತ್ರ ಎಂದರು. ಮಂಚವನ್ನು ನಡುಮನೆಗೆ ಹಾಕಿ ಬಾಗಿಲು ತೆಗೆದಿಡೋಣ ಎಂಬ ಮಾತನ್ನಂತೂ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಅವರು ಮಲಗಿದ್ದನ್ನು ಹೊರಗಿನವರು ಯಾರೂ ನೋಡಿರಲಿಲ್ಲ. ಡಾಕ್ಟರು ಬಂದರೂ ಮೊದಲು ದಿಂಬಿಟ್ಟು ಕೂರಿಸಿ, ಸೆರಗು ಸರಿಮಾಡಿ, ವಿಭೂತಿ ಹಚ್ಚಿದ ಮೇಲೆಯೇ ಒಳಗೆ ಬಿಡಬೇಕು.

ಆಗ ಯಜಮಾನರು ಬೆಂಗಳೂರಿಗೆ ಹೋಗಿ, ಹಳೇ ಸಾಮಾನಿನ ಗಲ್ಲಿಯೊಂದರಿಂದ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್, ಒಂದು ಟ್ರಾನ್ಸ್‌ಫಾರ್ಮರ್, ಸುರುಳಿ ವೈರು ತಂದರು. ಇವರಿಗೆ ಡಿಪ್ಲೊಮಾ ಅರ್ಧಕ್ಕೆ ಬಿಡಿಸಿ ಮಂಡಿಯಲ್ಲಿ ಕೂರಿಸಿದ್ದರ ಹೊಟ್ಟೆಯುರಿ ಒಳಗೇ ಇತ್ತು. ಬಾಗಿಲ ಹಿಂದೆ ಕಬ್ಬಿಣದ ಅಗುಳಿ, ಅದರ ತುದಿಗೆ ಕಾಯಿಲ್. ಅತ್ತೆಯವರ ಮಂಚದ ಪಕ್ಕ ಸ್ವಿಚ್ಚು. ಒತ್ತಿದರೆ ಕಾಯಿಲ್ ಅಗುಳಿಯನ್ನು ಟಕ್ ಎಂದು ಎಳೆಯುತ್ತದೆ, ಬಾಗಿಲಿಗೆ ಕಟ್ಟಿದ ಸ್ಪ್ರಿಂಗು ಕದವನ್ನು ನೂಕುತ್ತದೆ. ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಹೊರಗಿನಿಂದ ತೆಗೆಯಲು ಎರಡು ಬೀಗದ ಕೈ: ಒಂದು ಇವರ ಜೇಬಲ್ಲಿ, ಒಂದು ನನ್ನ ಹ್ಯಾಂಡ್‌ಬ್ಯಾಗಿನಲ್ಲಿ. ರಜೆ ಮುಗಿದ ದಿನ ನಾನು ಶಾಲೆಗೆ ಹೋದೆ. ಟ್ರಯಂಫ್ ಅಂದರೆ ಅದು.

ಆದರೆ ಮೊದಲ ವಾರ ಅಕ್ಕನನ್ನು ಬಿಟ್ಟು ಬೇರೆ ಯಾರೂ ಬರಲೇ ಇಲ್ಲ. ನಮ್ಮ ಕಡೆ ಹಗಲು ಹೊತ್ತು ಬೀದಿ ಬಾಗಿಲು ಹಾಕಿದೆ ಎಂದರೆ ಒಂದೋ ಮನೆಯವರು ಊರಲ್ಲಿಲ್ಲ, ಇಲ್ಲವೇ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ. ಬರುವವರೆಲ್ಲ ಜಗಲಿಯವರೆಗೆ ಬಂದು, ಹಾಕಿದ ಬಾಗಿಲು ನೋಡಿ, ಚಪ್ಪಲಿ ಸದ್ದಾಗದ ಹಾಗೆ ಹಿಂದಕ್ಕೆ ಹೋಗುತ್ತಿದ್ದರು. ಒಬ್ಬರು ಮಂಡಿಗೇ ಹೋಗಿ ಯಜಮಾನರ ಮುಂದೆ ಸಾವಿಗೆ ಬಂದವರ ಹಾಗೆ ತಲೆ ತಗ್ಗಿಸಿ ನಿಂತಿದ್ದರಂತೆ. ನಾನು ನನ್ನ ಕರ್ಸಿವ್ ಅಕ್ಷರದ ಜಂಬದಲ್ಲಿ ಕನ್ನಡವನ್ನೂ ಓರೆಯಾಗಿ ಬರೆದು, ‘ಕರೆಯಿರಿ, ಬಾಗಿಲು ತೆರೆಯುತ್ತದೆ’ ಎಂದು ರಟ್ಟು ತೂಗುಹಾಕಿದೆ. ಬಾಗಿಲಿಗೆ ಕರೆಂಟ್ ಕೊಟ್ಟಿದ್ದಾರೆ, ಮುಟ್ಟಿದರೆ ಹೊಡೆಯುತ್ತದೆ ಎಂಬ ಸುದ್ದಿ ಅಷ್ಟರಲ್ಲಿ ಎರಡು ಬೀದಿ ದಾಟಿತ್ತು.

ಅತ್ತೆಯವರು ದಾರಿ ತಾವೇ ಕಂಡುಕೊಂಡರು. ಜಗಲಿಯ ಮೇಲೆ ಹೆಜ್ಜೆ ಸದ್ದಾದರೆ ಸಾಕು, ಸ್ವಿಚ್ಚು ಒತ್ತುವುದು. ಅರಳಗುಪ್ಪೆಯಿಂದ ಮೊಸರು ತರುತ್ತಿದ್ದ ಹೆಂಗಸೊಬ್ಬಳ ಮುಂದೆ ಬಾಗಿಲು ಟಕ್ ಎಂದು ತಾನೇ ತೆರೆದುಕೊಂಡು, ಹಿಂದೆ ಯಾರೂ ಕಾಣದೆ, ಅವಳು ಮೊಸರಿನ ಮಡಕೆಯನ್ನು ಜಗಲಿಯ ಮೇಲೇ ಬಿಟ್ಟು ಎದುರು ಮನೆ ಸೇರಿದಳು. ಆಮೇಲೆ ನೋಡಿ, ಜನ ಶುರುವಾದರು. ಸಂತೆಗೆ ಬಂದ ದಬ್ಬೇಘಟ್ಟದವರು ಕೂಡ ಬಸ್ಸಿಗೆ ಮುಂಚೆ ನಮ್ಮ ಬಾಗಿಲು ನೋಡಿಕೊಂಡು ಹೋಗುತ್ತಿದ್ದರು. ಅತ್ತೆಯವರು ಒಳಗೆ ರಾಣಿಯ ಹಾಗೆ ದಿಂಬಿಗೆ ಒರಗಿ, ‘ಯಾರದು?’ ಎಂದು ಕೇಳಿ, ಉತ್ತರ ಬಂದ ಮೇಲೆ ಒತ್ತುತ್ತಿದ್ದರು.

ಆ ‘ಯಾರದು’ ಎಂಬಲ್ಲೇ ಅವರಿಗೆ ಹೊಸ ರುಚಿ ಹತ್ತಿತು. ತೆಗೆದ ಬಾಗಿಲಿನ ಮನೆಯಲ್ಲಿ ಆಯುಷ್ಯವೆಲ್ಲ ಬಂದವರನ್ನೆಲ್ಲ ಬನ್ನಿ ಎಂದವರು ಅವರು. ಬೇಡದವರಿಗೂ ಬೆಲ್ಲ ನೀರು ಕೊಟ್ಟವರು. ಈಗ ಬೇಡದ ದನಿ ಕೇಳಿದರೆ ಒಳಗಿನಿಂದಲೇ, ‘ಕರೆಂಟ್ ಹೋಗೈತೆ ಕಣವ್ವಾ, ನಾಳಿಕ್ ಬಾ’ ಎಂದುಬಿಡುತ್ತಿದ್ದರು. ತಲೆಯ ಮೇಲೆ ಬಲ್ಬು ಝಗ್ ಎಂದು ಉರಿಯುತ್ತಿರುತ್ತಿತ್ತು. ನಾನು ಹೀಗೆಲ್ಲ ಮಾಡಬೇಡಿ ಅತ್ತೆ ಎಂದರೆ, ನಿಮ್ಮ ಸಿಸ್ಟರಮ್ಮನವರಿಗೆ ಹೇಳಬೇಡ ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಬೀದಿಯ ಹೆಂಗಸರೇನು ದಡ್ಡರೇ? ಪಕ್ಕದ ಮನೆಯ ರೇಡಿಯೊ ಹಾಡುತ್ತಿರುವಾಗ ನಮ್ಮ ಮನೆಗೆ ಮಾತ್ರ ಕರೆಂಟ್ ಹೋಗುವುದು ಹೇಗೆ ಎಂದು ಎಲ್ಲರಿಗೂ ಗೊತ್ತಿತ್ತು. ಕರೆಂಟ್ ಹೋಗಿದೆ ಎಂದರೆ ನೀನು ಬೇಡ ಎಂದರ್ಥ.

ಎದುರು ಮನೆಯ ಅಕ್ಕನಿಗೆ ಅತ್ತೆಯವರು ಎಂದೂ ಹಾಗೆ ಹೇಳಿದವರಲ್ಲ. ಆದರೆ ಆ ಬೇಸಿಗೆಯ ಒಂದು ದಿನ, ಹಿಂದಿನ ಸಂಜೆಯಷ್ಟೇ ಹುಳಿಪುಡಿಯ ವಿಷಯಕ್ಕೆ ಅವರಿಬ್ಬರಿಗೂ ಒಂದು ಮಾತು ಬಂದಿತ್ತು. ಮಧ್ಯಾಹ್ನ ಅಕ್ಕ ಬಂದು ಕರೆದರು. ಸ್ವಿಚ್ಚು ಒತ್ತಿದರೆ ಟಕ್ ಎನ್ನಲಿಲ್ಲ. ಆ ದಿನ ಕರೆಂಟು ನಿಜವಾಗಿ ಹೋಗಿತ್ತು. ‘ಕರೆಂಟ್ ಹೋಗೈತೆ ಕಣೇ’ ಎಂದರು ಅತ್ತೆ. ಹೊರಗಿನಿಂದ ಅಕ್ಕ, ‘ಆಯ್ತು ಬುಡಿ ಅತ್ಯಮ್ಮ, ನನ್ಗೂ ಅರ್ಥ ಆಯ್ತದೆ’ ಎಂದು ಹೊರಟುಹೋದರು. ಅತ್ತೆ ಹಿಂದಿನಿಂದ ಎಷ್ಟು ಕೂಗಿದರೂ, ಕೂಗಿದಷ್ಟೂ ಅದು ಜಗಳದ ಮುಂದುವರಿಕೆಯ ಹಾಗೆಯೇ ಅಕ್ಕನಿಗೆ ಕೇಳಿಸಿತಂತೆ.

ಊಟವಿಲ್ಲ, ಬೆಡ್‌ಪ್ಯಾನಿಲ್ಲ. ಹತ್ತಿರವಿದ್ದ ನೀರಿನ ಚೊಂಬಿಗೆ ಕೈ ಚಾಚಿದಾಗ ಅದೂ ಉರುಳಿತು. ಅತ್ತೆಯವರು ಲೋಟದಿಂದ ಗೋಡೆ ಬಡಿದರು. ಬಡಿದು ಬಡಿದು ಕೈ ಸೋತು, ಗಂಟಲು ಒಣಗಿ, ಸುಮ್ಮನಾದರು. ಆ ಸುಮ್ಮನಾದದ್ದೇ ಬೀದಿಗೆ ಗಾಬರಿ ಹುಟ್ಟಿಸಿತು. ಅಕ್ಕನೇ ಮೊದಲು ಓಡಿ ಬಂದು ಬಾಗಿಲು ಬಡಿದವರು. ಉತ್ತರವಿಲ್ಲ. ನಾನು ಸ್ಕೂಲಿನಲ್ಲಿ ಪೊಯೆಟ್ರಿ ಹೇಳಿಕೊಡುತ್ತಿದ್ದಾಗ ಯಾರೋ ಸೈಕಲ್ಲಿನಲ್ಲಿ ಬಂದು, ‘ನಿಮ್ಮತ್ತೆ ಮಾತಾಡ್ತಿಲ್ಲ ಕಣ್ರೀ’ ಎಂದರು. ಇನ್ನೊಂದು ಬೀಗದ ಕೈ ಇದ್ದ ಯಜಮಾನರು ಅವತ್ತು ಕೊಬ್ಬರಿ ಕೊಳ್ಳಲು ಹಳ್ಳಿಯ ಕಡೆ ಹೋಗಿದ್ದರು. ನಾನು ಕ್ಲಾಸಿಗೂ ಹೇಳದೆ ಹೊರಟೆ. ದಾರಿಯುದ್ದಕ್ಕೂ ಬಾಯಿಗೆ ಬಂದದ್ದು ಕಾನ್ವೆಂಟಿನ ಪ್ರೇಯರ್. ಶಿವನ ಹೆಸರು ಆಮೇಲೆ ನೆನಪಾಯಿತು.

ನಾನು ಕೈಯಲ್ಲಿ ಬೀಗದ ಕೈ ಹಿಡಿದು ಬೀದಿಯ ತುದಿಗೆ ಬರುವಷ್ಟರಲ್ಲಿ ಮನೆಯ ಮೇಲೆ ಆಳು ಹತ್ತಿಯಾಗಿತ್ತು. ನಮಗೆ ಕಾಯಿ ಸುಲಿಯಲು ಬರುತ್ತಿದ್ದ ಕಂದಿಕೆರೆಯ ಆಳು, ಹೆಂಚು ತೆಗೆದು ಅಟ್ಟಕ್ಕೆ ಇಳಿದುಬಿಟ್ಟಿದ್ದ. ಅಟ್ಟದಲ್ಲಿ ಕಾಲಿಡಲು ಕಾಯಿ ಬಿಟ್ಟರೆ ಜಾಗವೆಲ್ಲಿ? ಒಂದು ಜರುಗಿತು, ಹಿಂದೆ ಹತ್ತು ಜರುಗಿದವು. ತಿಂಗಳುಗಟ್ಟಲೆ ಉಸಿರೆತ್ತದೆ ಕೂತಿದ್ದ ಕಾಯಿಗಳೆಲ್ಲ ಏಣಿಯ ಬಾಯಿಂದ ನಡುಮನೆಗೆ ದಬದಬ ಸುರಿಯತೊಡಗಿದವು. ಹೊರಗಿನವರು ಮನೆಯೇ ಕುಸಿಯಿತು ಎಂದು ಹಿಂದಕ್ಕೆ ಸರಿದರು. ನಾನು ಬೀಗ ತೆಗೆದು ನೂಕಿದರೆ ಬಾಗಿಲು ಅರ್ಧಕ್ಕೆ ನಿಂತಿತು. ಹಿಂದೆ ಕಾಯಿ ರಾಶಿ. ಆ ಸದ್ದಿನ ನಡುವೆ ಒಳಕೋಣೆಯಿಂದ ಒಣಗಿದ ದನಿಯೊಂದು ಬಂತು.

‘ಯಾವನ್ಲಾ ಅದು? ಅವು ಇನ್ನೂ ಆರಿಲ್ಲ ಕಣ್ಲಾ.’

ಅಕ್ಕ ಜಗಲಿಯ ಮೇಲೇ ಕುಸಿದು ಕೂತು ಅತ್ತರು. ನಾನು ಕಾಯಿ ದಾಟಿಕೊಂಡು ಹೋಗಿ ನೀರು ಕುಡಿಸಿದೆ, ಸೀರೆ ಬದಲಾಯಿಸಿದೆ. ಅತ್ತೆಯವರು ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ಮೊದಲನೇ ಬಸ್ಸಿಗೇ ತುರುವೇಕೆರೆಯ ಅತ್ತಿಗೆ ಇಳಿದರು. ಯಜಮಾನರು ಮಂಡಿಗೆ ಹೋಗದೆ, ಕಾಯಿಲಿಗೆ ಟ್ರ್ಯಾಕ್ಟರಿನ ಬ್ಯಾಟರಿ ಜೋಡಿಸಿದರೆ ಕರೆಂಟಿನ ಹಂಗೇ ಇರುವುದಿಲ್ಲ ಎಂದು ನೆಲದ ಮೇಲೆ ವೈರು ಹರಡಿಕೊಂಡು ಕೂತಿದ್ದರು. ಅತ್ತಿಗೆ ಅವರನ್ನೂ ವೈರನ್ನೂ ದಾಟಿ ಒಳಗೆ ಬಂದರು. ಕಣ್ಣು ನನ್ನ ಮೇಲೆ.

‘ಈಗ್ಲಾದ್ರೂ ಬುಡ್ತೀಯೇನಮ್ಮಾ ನಿನ್ನ ಇಂಗ್ಲಿಷ್ ಇಸ್ಕೂಲ್ನ?’

ಬಿಡುತ್ತೇನೆ ಎಂದು ಹೇಳಲು ಬಾಯಿ ತೆರೆದಿದ್ದೆ ಎಂದೇ ನೆನಪು. ಅಷ್ಟರಲ್ಲಿ ಅತ್ತೆಯವರು ಮಾತಾಡಿದರು.

‘ಕರೆಂಟ್ ತಗ್ದಿದ್ದು ಅವಳ ಇಸ್ಕೂಲ್ನೋರಾ?’

‘ಹಂಗಲ್ಲವ್ವಾ...’

‘ಇಲ್ದೆ ಇರೋ ಸುಳ್ಳು ಹೇಳಿ ಹೇಳಿ, ನಿಜ ಹೇಳ್ದಾಗ ಯಾರೂ ನಂಬ್ನಿಲ್ಲ. ಆಟ ಆಡಿದ್ದು ನಾನು. ಅವಳ್ಯಾಕೆ ಬುಡ್ಬೇಕು?’ ಆಮೇಲೆ ಮಗನ ಕಡೆ ತಿರುಗಿ, ಬಹಳ ಮೆಲ್ಲಗೆ, ‘ಆ ವೈರು ಎತ್ತಿಡಪ್ಪ. ನನ್ ಮಂಚ ನಡುಮನೆಗೆ ಹಾಕು. ಬಾಗ್ಲು ತಗ್ದೇ ಇರ್ಲಿ’ ಎಂದರು.

ಅತ್ತಿಗೆ ಎದೆಯ ಮೇಲೆ ಕೈ ಇಟ್ಟುಕೊಂಡರು. ‘ಬೀದೀಲಿ ಹೋಗೋರೆಲ್ಲ ನೋಡ್ತಾರಲ್ಲವ್ವಾ, ಮಲ್ಗಿರೋದ್ನ.’

‘ನೋಡ್ಲಿ ಬುಡು. ನಾನೂ ಅವ್ರನ್ನ ನೋಡ್ತೀನಿ.’

ಹಾಗೆ ಅಂದರು ನಿಜ. ಆದರೆ ಮಂಚ ಹಾಕುವಾಗ ಅವರ ಕೈ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಎಂದರೆ ಬಳೆಯ ಗುರುತು ಸಂಜೆಯವರೆಗೆ ಉಳಿದಿತ್ತು. ಮರುದಿನ ಬೆಳಿಗ್ಗೆ ತಲೆ ಬಾಚಿಸಿಕೊಂಡರು, ಇಳಕಲ್ ಸೀರೆ ತೆಗೆಸಿದರು, ವಿಭೂತಿ ಹಚ್ಚಿಸಿಕೊಂಡರು. ಹಗಲೆಲ್ಲ ಒರಗಿ ಕೂರಲಾಗುವುದಿಲ್ಲ, ಬೆನ್ನು ನೋಯುತ್ತದೆ. ಮಲಗಲೇಬೇಕು. ನಾನು ಹ್ಯಾಂಡ್‌ಬ್ಯಾಗ್ ಹಿಡಿದು ಹೊಸಿಲ ಮೇಲೆ ನಿಂತೆ. ‘ದಿಂಬು ತೆಗಿ’ ಎಂದರು. ತೆಗೆದೆ. ಅವರು ಬೀದಿಯ ಕಡೆ ಮುಖ ಮಾಡಿ, ಸೆರಗನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಮಲಗಿದರು.

ಬೀದಿಯಲ್ಲಿ ಕೊಡ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ತಟ್ಟನೆ ನಿಂತಳು. ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡಿದಳು. ಅತ್ತೆಯವರು ಮಲಗಿದ್ದಲ್ಲಿಂದಲೇ, ಬೀದಿಗೆಲ್ಲ ಕೇಳುವ ಹಾಗೆ, ‘ಬಾರವ್ವಾ ಒಳೀಕೆ, ಯಾಕಲ್ಲೇ ನಿಂತೆ?’ ಎಂದರು.

ಅವಳು ಕೊಡವನ್ನು ಜಗಲಿಯ ಮೇಲಿಟ್ಟು ಒಳಗೆ ಬಂದಳು. ನಾನು ಹೊರಗೆ ಹೋದೆ. ಅವತ್ತು ಕ್ಲಾಸಿನಲ್ಲಿ ಮಕ್ಕಳು ಗುಡ್ ಮಾರ್ನಿಂಗ್ ಮಿಸ್ ಎಂದು ಎಳೆದಾಗ, ನಾನು ಮೊದಲು ಹೋಗಿ ಶೆಡ್ಡಿನ ಬಾಗಿಲನ್ನು ಪೂರ್ತಿ ತೆಗೆದಿಟ್ಟು, ಆಮೇಲೆ ಉತ್ತರ ಕೊಟ್ಟೆ.