ಮೊಳಕೆ ಬಂದ ಪದ

ಉತ್ತರಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನಿಯನ್ನು ಎಲ್ಲರಂತೆ ನಾನೂ ಓನರ್ ಆಂಟಿ ಎನ್ನುತ್ತಿದ್ದೆ. ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆದವರು. ಏಣಿ ಕೇಳಲಿ, ಸುತ್ತಿಗೆ ಕೇಳಲಿ, ಸೆರಗಿಗೆ ಕೈ ಒರೆಸಿಕೊಂಡು, "ನಮ್ಮನೇಲೇ ಇರತ್ತೆ, ನೋಡಣ ಇರಿ" ಎನ್ನುತ್ತಿದ್ದರು.

ಆ ವರ್ಷ ಅವರ ಮೊಮ್ಮಗಳು ಕನ್ನಡ ಮೀಡಿಯಂ ಬಿಟ್ಟು ಇಂಗ್ಲಿಷ್ ಮೀಡಿಯಂಗೆ ಸೇರಿದ್ದಳು. ಒಂದು ಸಂಜೆ ಅವಳ ಅಳು ಕೇಳಿ ಕೆಳಗಿಳಿದು ಹೋದೆ. ವಿಜ್ಞಾನದ ಪುಸ್ತಕ ಮುಚ್ಚಿಟ್ಟು ಕೂತಿದ್ದಳು.

"ನಾಳೆಯಿಂದ ಸ್ಕೂಲಿಗೆ ಹೋಗಲ್ಲ ಅಜ್ಜಿ. ಒಂದ್ ಪದಾನೂ ಅರ್ಥ ಆಗಲ್ಲ."

"ಯಾವ ಪದ ಹೇಳು."

"ಜರ್ಮಿನೇಷನ್."

ಆಂಟಿ ನನ್ನ ಕಡೆ ತಿರುಗಿದರು. "ಹಂಗಂದ್ರೇನು ಮೇಡಂ?"

"ಕಾಳು ಮೊಳಕೆ ಒಡೆಯೋದು ಆಂಟಿ."

"ಅಷ್ಟೇನಾ? ನಮ್ಮನೇಲೇ ಇದೆಯಲ್ಲ" ಎಂದು ಅಡುಗೆಮನೆಯಿಂದ ಒದ್ದೆ ಬಟ್ಟೆಯ ಗಂಟು ತಂದು ಬಿಚ್ಚಿದರು. ಹೆಸರುಕಾಳಿಗೆ ಬಿಳಿ ಮೊಳಕೆ ಬಂದಿತ್ತು.

ಹುಡುಗಿ ಬೆರಳಿಂದ ಮುಟ್ಟಿದಳು. "ಜರ್ಮ್ಸ್ ಅಂತ ಇದ್ಯಲ್ಲ, ಯಾವ್ದೋ ಕಾಯಿಲೆ ಅನ್ಕೊಂಡಿದ್ದೆ" ಎಂದು ಅಳುವಿನ ನಡುವೆಯೇ ನಕ್ಕಳು. ಆಮೇಲೆ ತಾನೇ ಪುಸ್ತಕ ತೆರೆದು ಮುಂದಿನ ಪದ ಓದಿದಳು, ಇವಾಪೊರೇಷನ್. ನೀರು ಆವಿಯಾಗೋದು ಎಂದೆ. ಆಂಟಿ ಎದ್ದು ಒಲೆಯ ಮೇಲೆ ನೀರಿಟ್ಟರು.

ಅಂದಿನಿಂದ ಸಂಜೆಗಳೆಲ್ಲ ಹೀಗೇ ಕಳೆದವು. ಮೊಮ್ಮಗಳ ಜೊತೆ ಅಜ್ಜಿಯೂ ಕಲಿತರು. ಶಾಲೆಯ ಪೋಷಕರ ಸಭೆ ಮುಗಿಸಿ ಬಂದ ದಿನ ನನ್ನನ್ನು ಗೇಟಿನ ಬಳಿ ನಿಲ್ಲಿಸಿಕೊಂಡರು.

"ಇವ್ಳು ಕ್ಲಾಸಲ್ಲಿ ಕೈ ಎತ್ತಿ ಕ್ವೆಶ್ಚನ್ ಕೇಳ್ತಾಳಂತೆ ಮೇಡಂ. ಮಿಸ್ಸು ಇಂಗ್ಲಿಷಲ್ಲೇ ಹೇಳಿದ್ರು. ನಂಗೆ ಯಾರೂ ಬಿಡಿಸಿ ಹೇಳ್ಲಿಲ್ಲ, ನಾನೇ ಅರ್ಥ ಮಾಡ್ಕೊಂಡೆ."