ಮೂರನೆಯ ಮಹಡಿಯ ದೊಡ್ಡಕ್ಕ

ಸಮಾಜ ಕಲ್ಯಾಣದ ಆಡಳಿತದಲ್ಲಿ ಹೆಸರು ಮಾಡಿದವರು ಹಲವರಿದ್ದಾರೆ. ಹೆಸರನ್ನು ಪಕ್ಕಕ್ಕಿಟ್ಟು ದುಡಿದವರು ಬೆರಳೆಣಿಕೆಯಷ್ಟು. ಇಡೀ ಇಲಾಖೆ ಪ್ರೀತಿಯಿಂದಲೂ ಒಂದಿಷ್ಟು ಅಂಜಿಕೆಯಿಂದಲೂ ‘ದೊಡ್ಡಕ್ಕ’ ಎಂದು ಕರೆಯುವ, ಅಂಗವಿಕಲರ ಕಲ್ಯಾಣ ಸಲಹಾ ಮಂಡಳಿಯ ಕಾರ್ಯದರ್ಶಿಯಾಗಿ ಈಗ ನಿವೃತ್ತರಾಗುತ್ತಿರುವ ಹಿರಿಯರು ಆ ಕೆಲವರಲ್ಲಿ ಒಬ್ಬರು.

ಬೆರಳಚ್ಚುಗಾರ್ತಿಯಾಗಿ ಸೇವೆಗೆ ಸೇರಿದ ದೊಡ್ಡಕ್ಕನವರು ಹಂತಹಂತವಾಗಿ ಬೆಳೆದು ಮಂಡಳಿಗೆ ಬಂದಾಗ, ಅದರ ಸದಸ್ಯರಲ್ಲಿ ಮಂತ್ರಿಗಳ ಷಡ್ಡಕರು, ಒಬ್ಬ ಮರದ ವ್ಯಾಪಾರಿ, ಚುನಾವಣೆಯಲ್ಲಿ ಸೋತು ಮುನಿಸಿಕೊಂಡಿದ್ದ ಇಬ್ಬರು, ಮತ್ತು ಯಾರ ಕಡೆಯವರೆಂದು ಯಾರಿಗೂ ತಿಳಿಯದ ಒಬ್ಬ ಮಹನೀಯರು ಇದ್ದರು. ಅಂಗವಿಕಲರು ಮಾತ್ರ ಇರಲಿಲ್ಲ. ಮಂಡಳಿ ಸೇರುತ್ತಿದ್ದುದು ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಅದರಲ್ಲಿ ತಪ್ಪೇನಿದೆಯೆಂದು ಕೇಳುವವರೇ ಇರಲಿಲ್ಲ.

ಫಲಾನುಭವಿಗಳಿಗೆಂದು ನಿಯಮದಲ್ಲಿದ್ದ ಒಂದು ಸ್ಥಾನ ಸದಾ ಯಾರದೋ ನೆಂಟರ ಪಾಲಾಗುತ್ತಿತ್ತು. ದೊಡ್ಡಕ್ಕನವರು ಕಂಡಕಂಡವರ ಬಾಗಿಲು ತಟ್ಟಿ, ಬೈಸಿಕೊಂಡು, ಮೇಲಿನವರ ತಲೆ ತಿಂದು, ಕೊನೆಗೆ ಆ ಸ್ಥಾನಕ್ಕೆ ಒಬ್ಬ ದರ್ಜಿಯನ್ನು ನೇಮಕ ಮಾಡಿಸಿದರು. ಎರಡೂ ಕಾಲಿನ ಸ್ವಾಧೀನವಿಲ್ಲದ ಆತ ಬಸ್ ನಿಲ್ದಾಣದ ಹಿಂದೆ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರವಿಟ್ಟುಕೊಂಡು ಬದುಕುತ್ತಿದ್ದರು. ಅವರಂತೆಯೇ ನಡೆಯಲಾಗದ ತಂಗಿ ಅಂಗವಿಕಲರಿಗೆಂದು ಇಲಾಖೆ ನಡೆಸುವ ಮಹಿಳಾ ನಿಲಯದಲ್ಲಿದ್ದಳು. ನಿಲಯ ನೆಲಮಟ್ಟದಲ್ಲಿದ್ದುದರಿಂದ ದಿನವೂ ಸಂಜೆ ಗಾಲಿಕುರ್ಚಿಯಲ್ಲಿ ತಾನೇ ಬೀದಿ ಸುತ್ತಿ ಬರುತ್ತಿದ್ದಳು.

ಮೊದಲ ಸಭೆಗೆ ಇಬ್ಬರು ಜವಾನರು ದರ್ಜಿಯನ್ನು ಕುರ್ಚಿಸಮೇತ ಹೊತ್ತು ತಂದರು. ಸದಸ್ಯರು ಚಪ್ಪಾಳೆ ತಟ್ಟಿದರು, ಫೋಟೋ ತೆಗೆಸಿದರು, ಮರುದಿನ ಅದು ಪತ್ರಿಕೆಯಲ್ಲೂ ಬಂತು. ಕೆಳಗಿಳಿದ ಮೇಲೆ ದರ್ಜಿ ತಲೆಯೆತ್ತದೆ ಹೇಳಿದರು: “ಅಕ್ಕಾ, ಇನ್ನೊಂದ್ಸಲ ನನ್ನ ಎತ್ತಿಸ್ಬೇಡಿ. ಮೀಟಿಂಗ್ ಕೆಳಗಿಟ್ರೆ ನಾನೇ ಬರ್ತೀನಿ.”

ಮುಂದಿನ ಸಭೆಗೆ ದೊಡ್ಡಕ್ಕನವರು ನೆಲಮಹಡಿಯ ಟಪಾಲು ಕೋಣೆಯನ್ನು ಖಾಲಿ ಮಾಡಿಸಿ, ಸ್ವತಃ ಕಸ ಗುಡಿಸಿ, ಕುರ್ಚಿ ಹಾಕಿಸಿದ್ದರು. ಅಧ್ಯಕ್ಷರು ಬಾಗಿಲಲ್ಲಿ ನಿಂತು ಇಣುಕಿ, ಎತ್ತಿಕೊಂಡು ಬರಲು ಜನರಿದ್ದಾರಲ್ಲ ಎಂದು ಗೊಣಗಿ ಮೆಟ್ಟಿಲು ಹತ್ತಿದರು. ಉಳಿದವರು ಅವರ ಹಿಂದೆಯೇ ಹೋದರು. ಅಂದಿನ ವಿಷಯವೋ, ಮಹಿಳಾ ನಿಲಯವನ್ನು ಮರದ ವ್ಯಾಪಾರಿಯ ಹೊಸ ಕಟ್ಟಡದ ಎರಡನೆಯ ಮಹಡಿಗೆ ಸಾಗಿಸುವುದು. ಖಾಲಿ ಕುರ್ಚಿಗಳ ನಡುವೆ ಕುಳಿತಿದ್ದ ದರ್ಜಿಯ ವಿರೋಧವನ್ನು ಮೇಲಕ್ಕೂ, ಮೇಲಿನವರ ಉತ್ತರವನ್ನು ಕೆಳಕ್ಕೂ ದೊಡ್ಡಕ್ಕನವರು ಏದುಸಿರು ಬಿಡುತ್ತ ಮುಟ್ಟಿಸಿದರು. ಸಭೆಯ ಕೋಣೆಯಲ್ಲಿ ಇಲ್ಲದವರು ಗೈರುಹಾಜರು ಎಂದು ಅಧ್ಯಕ್ಷರು ತೀರ್ಪಿತ್ತರು. ಹೀಗೆ ಮೂರು ಸಭೆ ಕಳೆದವು; ಸತತ ಮೂರು ಗೈರುಹಾಜರಿಯ ನಿಯಮದಂತೆ ದರ್ಜಿಯ ಸದಸ್ಯತ್ವ ರದ್ದಾಯಿತು, ನಿಲಯದ ಸ್ಥಳಾಂತರಕ್ಕೆ ಒಪ್ಪಿಗೆ ಸಿಕ್ಕಿತು. ಲಿಖಿತವಾಗಿ ಆಕ್ಷೇಪಿಸಿದ ದೊಡ್ಡಕ್ಕನವರಿಗೆ ಬರಬೇಕಿದ್ದ ಬಡ್ತಿ ತಪ್ಪಿತು.

ಸ್ಥಳಾಂತರದ ದಿನ ಅವರು ಹೊಸ ಕಟ್ಟಡದ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ಒಬ್ಬೊಬ್ಬರನ್ನೇ ಎತ್ತಿ ಸಾಗಿಸುತ್ತಿದ್ದಾಗ ದರ್ಜಿಯ ತಂಗಿ ಕೇಳಿದಳು: “ಸಂಜೆ ಕೆಳಗೆ ಯಾರಕ್ಕಾ ಇಳಿಸ್ತಾರೆ?” ಅಂದಿನಿಂದ ದೊಡ್ಡಕ್ಕನವರು ಪ್ರತಿ ಭಾನುವಾರ ಕಚೇರಿಯ ಗಟ್ಟಿಮುಟ್ಟಾದವರನ್ನು ಗೋಗರೆದು ಕರೆದೊಯ್ದು, ಬಯಸಿದವರನ್ನೆಲ್ಲ ಕೆಳಗಿಳಿಸಿ, ಬಿಸಿಲು ಕಾಣಿಸಿ, ಮತ್ತೆ ಮೇಲೆ ಬಿಡಿಸಿ ಬರುತ್ತಿದ್ದಾರೆ. ತಂಗಿ ಮಾತ್ರ ಅಣ್ಣನಂತೆಯೇ ಹಟಮಾರಿ; ಮತ್ತೊಮ್ಮೆ ಎತ್ತಿಸಿಕೊಳ್ಳಲು ಒಪ್ಪಲಿಲ್ಲ.

ಈಗ ನಿವೃತ್ತಿಯ ಹೊಸ್ತಿಲಲ್ಲಿ, ದರ್ಜಿ ಕಳೆದುಕೊಂಡ, ಖಾಲಿ ಬಿದ್ದಿರುವ ಅದೇ ಸ್ಥಾನಕ್ಕೆ ಸರಕಾರ ದೊಡ್ಡಕ್ಕನವರನ್ನೇ ನೇಮಿಸಲು ಹೊರಟಿದೆ. ಅವರಿಗೆ ಅವಮಾನವಾದಂತಾಯಿತು. ಬೇಡವೆನ್ನುವುದೆಂದು ಮನಸ್ಸು ಮಾಡಿ, ಅದನ್ನು ತಿಳಿಸಲು ದರ್ಜಿಯ ಅಂಗಡಿಗೆ ಹೋದರು. ದರ್ಜಿ ಯಂತ್ರದ ಚಕ್ರ ತಿರುಗಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡರು.

“ತಗೊಳ್ಳಿ ಅಕ್ಕಾ,” ಎಂದರು. “ನಿಮಗೆ ಹತ್ತೋಕಾಗುತ್ತೆ.”

ದೊಡ್ಡಕ್ಕನವರು ಒಪ್ಪಿಗೆ ಕೊಟ್ಟು ಬಂದಿದ್ದಾರೆ. ಅವರು ನೂರು ವರ್ಷ ಸುಖವಾಗಿ ಬಾಳಲೆಂದು ಈ ಅಭಿನಂದನಾ ಸಂಪುಟದಲ್ಲಿ ಎಲ್ಲರೂ ಹಾರೈಸುತ್ತಾರೆ, ಹಾರೈಸಲಿ. ಅವರನ್ನು ಹತ್ತಿರದಿಂದ ಬಲ್ಲವರ ಹಾರೈಕೆ ಅದಕ್ಕಿಂತ ಚಿಕ್ಕದು: ಆ ನಿಲಯ ಮತ್ತೆ ನೆಲಕ್ಕೆ ಬರುವವರೆಗೆ ಅವರ ಮಂಡಿಗಳು ಸೋಲದಿರಲಿ. ದರ್ಜಿಯ ತಂಗಿ ಬೀದಿಗಿಳಿದು ನಾಲ್ಕು ವರ್ಷವಾಯಿತು.