ಹಗೇವಿನ ವಾಸನೆ

ಆಗ ನನಗೆ ಐವತ್ತೆಂಟು. ಅದಾಗಿ ಹನ್ನೆರಡು ವರ್ಷ ಆಗಿರಬೇಕು. ದೆವ್ವ ಕಂಡೆ, ಗಾಳಿ ಸೋಕಿತು ಅನ್ನುವವರ ಮಾತಿಗೆ ನಾನು ಯಾವತ್ತೂ ಕಿವಿ ಕೊಟ್ಟವಳಲ್ಲ. ಮಾಡಲು ಕೆಲಸವಿಲ್ಲದವರು ಅಂತ ತಿಳಿದಿದ್ದೆ. ಈಗಲೂ ದೆವ್ವ ನಂಬುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಮೂರನೇ ಕ್ಲಾಸು ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ಈಗ ಶಾಮನೂರು ಅಂದರೆ ದಾವಣಗೆರೆಯೇ. ಎಲ್ಲಿ ನೋಡಿದರೂ ಲೇಔಟು, ಬೈಕು. ನಮ್ಮ ಓಣಿ ಮಾತ್ರ ಹಳೆಯದು. ಅದರ ಕೆಳಗೆ ಏನಿದೆ ಅಂತ ಮೇಲೆ ಮನೆ ಕಟ್ಟಿಕೊಂಡವರು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ. ಅತ್ತೆಯ ಕೆಮ್ಮಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲದೆ ನನ್ನ ಮೈ ಸೋತಿತ್ತು. ಅವರು ಅಂಗಳದಲ್ಲಿ ಮಂಚದ ಮೇಲೆ ಬಿಸಿಲು ಕಾಸುತ್ತಿದ್ದರು, ನಾನು ಪಾತ್ರೆ ತಿಕ್ಕುತ್ತಿದ್ದೆ. ಆಗ ಆ ವಾಸನೆ ಬಂತು. ಹುಳಿಹುಳಿ, ಬಿಸಿ, ಗಂಟಲು ಹಿಡಿಯುವ ವಾಸನೆ. ಹಗೇವಿನ ಜೋಳದ್ದು.

ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ನನ್ನ ತವರು ಹರಿಹರದ ಹತ್ತಿರ ಕಡರನಾಯಕನಹಳ್ಳಿ. ಅಲ್ಲಿ ಅಪ್ಪ ಹಗೇವು ತೆಗೆದಾಗ ಮೊದಲು ದೀಪ ಇಳಿಬಿಟ್ಟು, ಆರುತ್ತದೋ ಅಂತ ನೋಡುತ್ತಿದ್ದ. ಒಳಗಿನ ಗಾಳಿ ಪ್ರಾಣ ತೆಗೆಯುತ್ತದೆ, ವಾಸನೆ ಬಂದ ಕಡೆ ನಿಲ್ಲಬೇಡಿ ಅಂತ ನಮ್ಮನ್ನು ದೂರ ಅಟ್ಟುತ್ತಿದ್ದ. ಆ ಭಯ ಎಲ್ಲಿತ್ತೋ, ಎದ್ದು ಅತ್ತೆಯ ರಟ್ಟೆ ಹಿಡಿದೆ.

"ಏಳ್ರಿ ಅತ್ತೆ, ಒಳಗ್ ನಡೀರಿ. ಹಗೇವಿನ ವಾಸ್ನೆ ಬರಾಕತ್ತೈತೆ."

"ಬಿಸ್ಲು ಕಾಸಾಕೂ ಬಿಡಲ್ಲೇನೆ? ನಿನ್ ಮೂಗಿಗೆ ಏನ್ ಬಂದೈತೆ? ಈ ಮನ್ಯಾಗೆ ಇರಾದು ರೇಷನ್ ಅಕ್ಕಿ, ಜೋಳ ಎಲ್ಲೈತೆ?"

ಬೈಸಿಕೊಳ್ಳುತ್ತಲೇ ಎಳೆದುಕೊಂಡು ಹೋದೆ. ಹೊಸಿಲು ದಾಟಿರಲಿಲ್ಲ, ಹಿಂದೆ ಧಸಕ್ಕೆಂದಿತು. ತಿರುಗಿದರೆ ಮಂಚ ಇಲ್ಲ. ಅದಿದ್ದ ಜಾಗದಲ್ಲಿ ಕಪ್ಪು ಬಾಯಿ.

ಅತ್ತೆ ಕತ್ತು ಚಾಚಿ ನೋಡಿ, "ನನ್ ಕೋಲು ಒಳಗೇ ಹೋತಲ್ಲೇ," ಅಂದರು.

ಓಣಿಯವರೆಲ್ಲ ಸೇರಿದರು. ದೀಪ ಇಳಿಬಿಟ್ಟರು, ಆರಲಿಲ್ಲ. ಟಾರ್ಚು ಹಾಕಿದರೆ ಆಳದಲ್ಲಿ ಮುರಿದ ಮಂಚ, ಗುಡಿಸಿಟ್ಟ ಹಾಗಿದ್ದ ಗೋಡೆ. ಒಂದು ಕಾಳು ಇಲ್ಲ, ಹೊಟ್ಟೂ ಇಲ್ಲ. ನಾನು ಬಗ್ಗಿ ಮೂಸಿದೆ. ಬರೀ ಒಣ ಮಣ್ಣು. ಆ ಮನೆಗೆ ಸೊಸೆಯಾಗಿ ಬಂದು ಮುದುಕಿಯಾದ ಅತ್ತೆಗೇ ಅಲ್ಲಿ ಹಗೇವು ಇದ್ದದ್ದು ಗೊತ್ತಿರಲಿಲ್ಲ. ಓಣಿಯ ಹಿರಿಯರೊಬ್ಬರು, "ನಮ್ಮಜ್ಜನೂ ಹೇಳಿದ್ದಿಲ್ಲ ಬಿಡವ್ವಾ," ಅಂದರು.

ಬಿರುಕಿನಿಂದ ಹಳೇ ಗಾಳಿ ಬಂದಿರಬೇಕು ಅಂತ ಕೆಲವರು ಹೇಳಿದರು. ಇರಬಹುದು. ಹಾಗಾದರೆ ಅದರ ಮೇಲೇ ಕೂತಿದ್ದ ಅತ್ತೆಗೆ ಯಾಕೆ ಬರಲಿಲ್ಲ? ಕಾಳೇ ಇಲ್ಲದ ಹಗೇವಿಗೆ ಜೋಳದ ವಾಸನೆ ಎಲ್ಲಿಂದ ಬಂತು?

ಮಾರನೇ ದಿನ ಬೆಳಿಗ್ಗೆ ಗುಂಡಿ ಮುಚ್ಚಲು ಮಣ್ಣಿನ ಟ್ರ್ಯಾಕ್ಟರ್ ಬಂತು. ಅದನ್ನು ನಿಲ್ಲಿಸಿ, ಪಕ್ಕದ ಮನೆಯಿಂದ ಒಂದು ಮೊರ ಜೋಳ ಇಸಿದುಕೊಂಡು ಬಂದು ಹಗೇವಿನ ಬಾಯಿಗೆ ಸುರಿದೆ. "ತಿನ್ನೋ ಕಾಳು ದಂಡ ಮಾಡ್ತಾಳ್ ನೋಡ್ರಿ," ಅಂತ ಅತ್ತೆ ಒಳಗಿಂದ ಕೂಗಿದರು. ನಾನು ಮೊರ ಕೊಡವಿ, ಇನ್ನು ಹಾಕಪ್ಪ ಮಣ್ಣು, ಅಂದೆ.